ಚಳಿಗಾಲಕ್ಕೆ ಮುನ್ನ ಪುಟ್ಟ ತೋಟ, ಹತ್ತು ಕೋಳಿ

ದೀಪಾವಳಿ ಕಳೆದು ಕಾರ್ತಿಕ ಮಾಸ ಮುಗಿಯುತ್ತ ಬಂದಂತೆ ದೆಹಲಿಯ ಗಾಳಿಯ ಗುಣವೇ ಬದಲಾಗುತ್ತದೆ. ರಾಜಧಾನಿಯ ಅಂಚಿನಲ್ಲಿ, ನಜಫ್‌ಗಢ, ಸೋಹ್ನಾ, ಗ್ರೇಟರ್ ನೋಯ್ಡಾಗಳ ಕಡೆ ಒಂದಿಷ್ಟು ಜಾಗ ಮಾಡಿಕೊಂಡು ಕರಿಬೇವು, ಬಾಳೆ, ಸೊಪ್ಪುಗಳ ಜೊತೆಗೆ ಹತ್ತು ಹನ್ನೆರಡು ಮೊಟ್ಟೆ ಕೋಳಿಗಳನ್ನೂ ಸಾಕಿಕೊಂಡಿರುವ ಕನ್ನಡ ಕುಟುಂಬಗಳು ನಮ್ಮ ನಡುವೆ ಉಂಟು. ನಮ್ಮದೂ ಅಂಥದೊಂದು ಕುಟುಂಬ. ಸಸ್ಯಾಹಾರಿ ಬಂಧುಗಳು ಮುನಿಸಿಕೊಳ್ಳಬಾರದು. ಮೊಟ್ಟೆ ಬೇಡವೆನ್ನುವವರಿಗೂ ಕೋಳಿಯ ಗೊಬ್ಬರ ಬೇಕಾಗುತ್ತದೆ.

ಊರಿನ ಅನುಭವವನ್ನೇ ನಂಬಿ ಇಲ್ಲಿ ಕೋಳಿ ಸಾಕುವವರಿಗೆ ಮೊದಲ ಚಳಿಗಾಲದಲ್ಲಿ ಎದುರಾಗುವ ಪ್ರಶ್ನೆ ಒಂದೇ: ನವೆಂಬರ್ ಬಂದೊಡನೆ ಮೊಟ್ಟೆ ನಿಲ್ಲುವುದೇಕೆ? ಚಳಿಯೇ ಕಾರಣವೆಂದು ಬಹುಮಂದಿ ತಿಳಿಯುತ್ತಾರೆ. ಚಳಿಯ ಪಾಲೂ ಇದೆ; ಆದರೆ ಮುಖ್ಯ ಕಾರಣ ಬೆಳಕು. ಹೇಂಟೆಯ ಮಿದುಳು ಹಗಲಿನ ಉದ್ದವನ್ನು ಅಳೆಯುತ್ತದೆ. ಕಣ್ಣಿನಿಂದ ಮಾತ್ರವಲ್ಲ, ತೆಳುವಾದ ತಲೆಬುರುಡೆಯ ಮೂಲಕ ಒಳಹೊಕ್ಕ ಬೆಳಕೂ ಮಿದುಳಿನ ಬೆಳಕು-ಗ್ರಾಹಿ ಕೋಶಗಳನ್ನು ಮುಟ್ಟಿ, ಅಂಡಾಶಯವನ್ನು ಎಚ್ಚರಿಸುವ ಹಾರ್ಮೋನುಗಳನ್ನು ಪ್ರಚೋದಿಸುತ್ತದೆ. ದಿನಕ್ಕೆ 14ರಿಂದ 16 ಗಂಟೆ ಬೆಳಕು ದೊರೆತರೆ ಮೊಟ್ಟೆ ಚೆನ್ನಾಗಿ ಬರುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಸುಮಾರು 11 ಗಂಟೆ 20 ನಿಮಿಷ ಇರುತ್ತದೆ. ದೆಹಲಿಯಲ್ಲಿ ಡಿಸೆಂಬರ್ ಕೊನೆಯ ಹಗಲು 10 ಗಂಟೆ 20 ನಿಮಿಷದ ಆಸುಪಾಸು. ಒಂದು ಗಂಟೆಯ ಈ ಅಂತರದ ಮೇಲೆ ಮಂಜು ಬೇರೆ. ಹೀಗಾಗಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಾಡಿಗೆ ಕೊಟ್ಟ ಗಿರಿರಾಜ ತಳಿಯನ್ನು ಇಲ್ಲಿಗೆ ತಂದು ಸಾಕಿದರೂ ಊರಿನ ಲೆಕ್ಕವನ್ನು ಅದರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಬೆಳಕನ್ನು ನಾವು ಕೊಡಬಹುದು. ಹತ್ತು ಕೋಳಿಗಳ ಗೂಡಿಗೆ 9 ವಾಟ್‌ನ ಒಂದು ಎಲ್‌ಇಡಿ ಬಲ್ಬು ಸಾಕು. ಆದರೆ ಸಂಜೆಯಲ್ಲಿ ಅಲ್ಲ, ಬೆಳಗಿನ ಜಾವದಲ್ಲಿ ಹಚ್ಚಬೇಕು. ಸಂಜೆ ಉರಿಯುತ್ತಿದ್ದ ದೀಪ ತಟ್ಟನೆ ಆರಿದರೆ ಕೋಳಿಗಳು ಕತ್ತಲಲ್ಲಿ ತಮ್ಮ ಅಡ್ಡಪಟ್ಟಿಯನ್ನು ಕಾಣದೆ ನೆಲದ ಮೇಲೆಯೇ ಮುದುಡಿ ಕೂರುತ್ತವೆ. ಟೈಮರ್ ಸ್ವಿಚ್ಚು ಇಟ್ಟು, ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತ 14 ಗಂಟೆಗೆ ತಂದು ನಿಲ್ಲಿಸಬೇಕು. ಒಂದು ದಿನ ಇದ್ದು ಮರುದಿನ ಇಲ್ಲದ ದೀಪ, ದೀಪವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಹಾಗಿದ್ದೂ ಎಲ್ಲ ಕೋಳಿಗಳಿಗೂ ಇದನ್ನು ಮಾಡಲೇಬೇಕೆಂದು ನಾವು ಹೇಳುವುದಿಲ್ಲ. ಮೊದಲ ವರ್ಷದ ಎಳೆಯ ಹೇಂಟೆಗಳು ದೀಪವಿಲ್ಲದೆಯೂ ಸಾಕಷ್ಟು ಮೊಟ್ಟೆಯಿಡುತ್ತವೆ. ಒಂದೂವರೆ ವರ್ಷ ದಾಟಿದವು ಶರತ್ಕಾಲದಲ್ಲಿ ಗರಿ ಉದುರಿಸಿ, ಎರಡು ಮೂರು ತಿಂಗಳು ಮೊಟ್ಟೆ ನಿಲ್ಲಿಸಿ, ಹೊಸ ಗರಿ ಬೆಳೆಸಿಕೊಳ್ಳುತ್ತವೆ. ಬೋಳಾದ ಕತ್ತು, ಪೆಚ್ಚು ಮುಖ ಕಂಡು ರೋಗವೆಂದು ಗಾಬರಿಯಾಗಬಾರದು. ಗರಿಯ ಬಹುಪಾಲು ಪ್ರೋಟೀನೇ ಆದ್ದರಿಂದ ಆ ದಿನಗಳಲ್ಲಿ ಮೇವಿನ ಪ್ರೋಟೀನನ್ನು ತುಸು ಹೆಚ್ಚಿಸಿ, ಅವುಗಳ ಪಾಡಿಗೆ ಅವನ್ನು ಬಿಡುವುದು ಲೇಸು. ಮನೆಯ ಹವ್ಯಾಸಕ್ಕೆ ಸಾಕಿದ ಜೀವಕ್ಕೆ ಅಷ್ಟು ರಜೆ ಸಲ್ಲಬೇಕು. ಲೆಕ್ಕ ಬರೆಯುವುದೇ ವೃತ್ತಿಯಾಗಿರುವ ನಮ್ಮ ಪುಸ್ತಕದಲ್ಲಂತೂ ಮನೆಮೊಟ್ಟೆಯ ಜಮಾಖರ್ಚು ಎಂದೂ ತಾಳೆಯಾಗಿಲ್ಲ.

ಇನ್ನು ಗೂಡಿನ ವಿಚಾರ. ಸುಮಾರು 41 ಡಿಗ್ರಿ ಮೈಕಾವು, ಮೇಲೆ ಗರಿಯ ಹೊದಿಕೆ ಇರುವ ಕೋಳಿ ಒಣ ಚಳಿಯನ್ನು ನಾವು ಊಹಿಸುವುದಕ್ಕಿಂತ ಚೆನ್ನಾಗಿ ತಾಳುತ್ತದೆ. ಸಫ್ದರ್‌ಜಂಗ್ ಕೇಂದ್ರದಲ್ಲಿ 2021ರ ಜನವರಿ 1ರಂದು ಉಷ್ಣತೆ 1.1 ಡಿಗ್ರಿಗೆ ಇಳಿದಿತ್ತು. ಅಂಥ ರಾತ್ರಿಯನ್ನೂ ಗಟ್ಟಿಮುಟ್ಟಾದ ಹೇಂಟೆ ಕಳೆಯಬಲ್ಲದು. ಅದನ್ನು ಕೊಲ್ಲುವುದು ತೇವ ಮತ್ತು ನೇರ ಬಡಿಯುವ ಗಾಳಿ. ಚಳಿಯೆಂದು ಹೆದರಿ ಗೂಡಿನ ಸಂದುಗೊಂದುಗಳನ್ನೆಲ್ಲ ಪ್ಲಾಸ್ಟಿಕ್ಕಿನಿಂದ ಮುಚ್ಚಿದರೆ ಉಸಿರಿನ ತೇವ, ಹಿಕ್ಕೆಯ ತೇವ ಎರಡೂ ಒಳಗೇ ಉಳಿಯುತ್ತವೆ. ಹಿಕ್ಕೆಯಿಂದ ಏಳುವ ಅಮೋನಿಯಾ ಕಣ್ಣು, ಶ್ವಾಸನಾಳಗಳನ್ನು ಸುಡುತ್ತದೆ. ಗಾಳಿ ಬೀಸುವ ವಾಯವ್ಯ ದಿಕ್ಕಿಗೆ ಗೋಣಿತಾಟಿನ ಪರದೆ ಇಳಿಬಿಟ್ಟು, ಚಾವಣಿಯ ಕೆಳಗೆ ಒಂದಡಿ ತೆರೆದಿಡುವುದೇ ಸರಿಯಾದ ಕ್ರಮ. ಬಿಸಿಲೇರಿದ ಮೇಲೆ ಪರದೆ ಸುತ್ತಿಡಬೇಕು. ಬೆಳಗ್ಗೆ ಗೂಡಿನೊಳಗೆ ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದುಕೊಂಡು ನೋಡಿ. ನಮ್ಮ ಕಣ್ಣು ಉರಿದರೆ ಅವು ರಾತ್ರಿಯೆಲ್ಲ ಉರಿಯಲ್ಲೇ ಇದ್ದವೆಂದು ತಿಳಿಯಬೇಕು.

ನೆಲಕ್ಕೆ ಭತ್ತದ ಹೊಟ್ಟು ಅಥವಾ ಮರದ ಹೊಟ್ಟನ್ನು ನಾಲ್ಕರಿಂದ ಆರು ಅಂಗುಲ ದಪ್ಪಗೆ ಹಾಸಿ, ವಾರಕ್ಕೆರಡು ಬಾರಿ ಕೆದಕಬೇಕು. ಒಂದು ಹಿಡಿ ಹಾಸನ್ನು ಹಿಸುಕಿ ಕೈ ಬಿಡಿಸಿದಾಗ ಪುಡಿಯಾಗಿ ಉದುರಿದರೆ ಕ್ಷೇಮ. ಉಂಡೆ ಕಟ್ಟಿದರೆ ಮೇಲೆ ಒಣಹಾಸು ಸೇರಿಸಬೇಕು. ಕೂರುವ ಅಡ್ಡಪಟ್ಟಿ ದುಂಡಗಿನ ಕೋಲಾಗದೆ ಎರಡಂಗುಲ ಅಗಲದ ಚಪ್ಪಟೆ ಮರವಾದರೆ ಕೂತ ಕೋಳಿಯ ಎದೆಗರಿ ಕಾಲ್ಬೆರಳುಗಳನ್ನು ಮುಚ್ಚುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಗೂಡಿನಲ್ಲಿ ಅಂಗೀಠಿ ಇಡಬೇಡಿ. ಇದ್ದಿಲ ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉತ್ತರ ಭಾರತದಲ್ಲಿ ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟುಕೊಂಡು ಮಲಗಿ ಏಳದವರ ಸುದ್ದಿ ಚಳಿಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ತೋಟದ ಮಾಲಿ ತನ್ನ ಕೋಣೆಯಲ್ಲಿ ಏನು ಉರಿಸುತ್ತಿದ್ದಾನೆಂಬುದನ್ನು ಕೋಳಿಗಿಂತ ಮೊದಲು ವಿಚಾರಿಸಿ, ಅವನಿಗೊಂದು ಒಳ್ಳೆಯ ರಜಾಯಿ ಕೊಡಿಸಬೇಕು.

ಒಂದು ಹೇಂಟೆ ದಿನಕ್ಕೆ 110ರಿಂದ 120 ಗ್ರಾಂ ಮೇವು ತಿನ್ನುತ್ತದೆ; ಚಳಿಯಲ್ಲಿ ಇನ್ನೂ ತುಸು ಹೆಚ್ಚು. ಲೇಯರ್ ಮ್ಯಾಶ್ ಮುಖ್ಯ ಆಹಾರವಾಗಿರಲಿ. ಸಂಜೆ ಗೂಡು ಸೇರುವ ಮುನ್ನ ತಲೆಗೆ 10ರಿಂದ 15 ಗ್ರಾಂ ನುಚ್ಚು ಮೆಕ್ಕೆಜೋಳವನ್ನೋ ಇಲ್ಲಿ ಸುಲಭವಾಗಿ ಸಿಗುವ ಸಜ್ಜೆಯನ್ನೋ ಎರಚಿದರೆ ಅದು ಜೀರ್ಣವಾಗುತ್ತ ರಾತ್ರಿಯಿಡೀ ಮೈಯನ್ನು ಬೆಚ್ಚಗಿಡುತ್ತದೆ. ಮಮತೆಯಿಂದ ಹೆಚ್ಚು ಹಾಕಿದರೆ ಪ್ರೋಟೀನು, ಸುಣ್ಣದಂಶಗಳ ಪ್ರಮಾಣ ತಗ್ಗಿ ಚಿಪ್ಪು ತೆಳುವಾಗುತ್ತದೆ. ಮೇವಿನ ಚೀಲವನ್ನು ಹಲಗೆಯ ಮೇಲಿಡಬೇಕು. ಮಂಜಿನ ತೇವಕ್ಕೆ ಬೂಷ್ಟು ಹಿಡಿದ ಮೇವು ವಿಷ. ಬೆಳಗ್ಗೆ ಉಗುರು ಬೆಚ್ಚಗಿನ ನೀರು ಕೊಟ್ಟರೆ ಚೆನ್ನಾಗಿ ಕುಡಿಯುತ್ತವೆ, ಕುಡಿದರೆ ತಿನ್ನುತ್ತವೆ.

ರೋಗಗಳಲ್ಲಿ ನಮ್ಮ ಕಡೆ ಕೊಕ್ಕರೆ ರೋಗವೆನ್ನುವ ರಾಣಿಖೇತ್ ರೋಗಕ್ಕೆ ಲಸಿಕೆ ಉಂಟು. ಚಳಿಗೆ ಮೊದಲೇ ಪಶುವೈದ್ಯರನ್ನು ಕೇಳಿ ಹಾಕಿಸಬೇಕು. ಹಕ್ಕಿಜ್ವರದ ಮಾತು ಬೇರೆ. ಉತ್ತರದಿಂದ ವಲಸೆ ಬರುವ ನೀರುಹಕ್ಕಿಗಳ ಕಾಲವೇ ಅದರ ಕಾಲವೂ ಹೌದು. 2020ರ ಡಿಸೆಂಬರ್ ಕೊನೆಯಲ್ಲಿ ಹಿಮಾಚಲದ ಪಾಂಗ್ ಅಣೆಕಟ್ಟಿನ ಜಲಾಶಯದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಸತ್ತವು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿವರ್ಷ ಬರುವ ಹಕ್ಕಿಯೇ ಅದು. 2021ರ ಜನವರಿಯಲ್ಲಿ ದೆಹಲಿಯ ಸಂಜಯ್ ಸರೋವರದಲ್ಲಿ ರೋಗ ಕಂಡು, ಗಾಜೀಪುರದ ಕೋಳಿ ಮಾರುಕಟ್ಟೆಯನ್ನು ಕೆಲವು ದಿನ ಮುಚ್ಚಲಾಯಿತು. ಗೂಡಿನ ಅಂಗಳಕ್ಕೆ ಬಲೆ ಹೊದಿಸಿ ಕಾಡುಹಕ್ಕಿಗಳು ಮೇವಿಗೆ ಬಾಯಿಡದಂತೆ ಮಾಡುವುದು, ಗೂಡಿಗೆಂದೇ ಪ್ರತ್ಯೇಕ ಚಪ್ಪಲಿ ಇಡುವುದು, ಸಂತೆಯಿಂದ ತಂದ ಕೋಳಿಯನ್ನು ಕೆಲವು ವಾರ ಬೇರೆಯಾಗಿಡುವುದು ನಮ್ಮ ಕೈಲಾಗುವ ರಕ್ಷಣೆ. ಕಾರಣವಿಲ್ಲದೆ ಎರಡು ಮೂರು ಕೋಳಿ ಒಮ್ಮೆಲೇ ಸತ್ತರೆ, ಜುಟ್ಟು ಊದಿ ನೀಲಿಗಟ್ಟಿದರೆ, ಬರಿಗೈಯಲ್ಲಿ ಮುಟ್ಟದೆ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಬೇಕು. ರೋಗ ಖಚಿತವಾದರೆ ಸುತ್ತಲಿನ ಒಂದು ಕಿಲೋಮೀಟರಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆಂಬ ಭಯದಿಂದ ಮುಚ್ಚಿಡುವವರಿದ್ದಾರೆ. ಹತ್ತು ಕೋಳಿಗಳ ನಷ್ಟ ನಮ್ಮದು. ಮುಚ್ಚಿಟ್ಟರೆ ಪಕ್ಕದ ಹಳ್ಳಿಯಲ್ಲಿ ಕೋಳಿಯನ್ನೇ ನಂಬಿ ಬದುಕುವವನ ಬಾಗಿಲಿಗೂ ರೋಗ ಹೋಗುತ್ತದೆ. 2009ರ ಕಾನೂನಿನಂತೆ ತಿಳಿಸುವುದು ಸಾಕುವವರ ಕರ್ತವ್ಯವೂ ಹೌದು.

ತೋಟದಲ್ಲಿ ಕೆಲಸ ಕಡಿಮೆ. ಮೆಂತ್ಯ, ಪಾಲಕ್, ಮೂಲಂಗಿ, ಬಟಾಣಿಗಳಿಗೆ ಇದೇ ಸುಗ್ಗಿಯ ಕಾಲ. ಕಷ್ಟವಿರುವುದು ನಾವು ಊರಿನ ನೆನಪಿಗೆ ನೆಟ್ಟ ಗಿಡಗಳಿಗೆ. ಕರಿಬೇವು ಎಲೆ ಉದುರಿಸಿ ನಿಂತರೂ ಮಾರ್ಚಿಯಲ್ಲಿ ಚಿಗುರುತ್ತದೆ. ಚಳಿಯಲ್ಲಿ ಅದಕ್ಕೆ ನೀರು ಕಡಿಮೆ ಮಾಡಬೇಕು. ದೊಡ್ಡಪತ್ರೆಯನ್ನು ಕುಂಡಕ್ಕೆ ಬದಲಿಸಿ ಒಳಗಿಡಬೇಕು. ಇಬ್ಬನಿಯೇ ಹೆಪ್ಪುಗಟ್ಟುವ, ಹರಿಯಾಣದ ರೈತರು ಪಾಲಾ ಎನ್ನುವ ರಾತ್ರಿಗಳ ಸೂಚನೆ ಇದ್ದರೆ ಸಂಜೆ ಹಗುರವಾಗಿ ನೀರು ಹಾಯಿಸಬೇಕು. ಒದ್ದೆ ಮಣ್ಣು ಹಗಲಿನ ಶಾಖವನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಎಳೆಯ ಬಾಳೆ, ಪರಂಗಿಗಳಿಗೆ ಮೂರು ಕಡೆ ಹುಲ್ಲಿನ ತಟ್ಟಿ ಕಟ್ಟಿ, ಬಿಸಿಲು ಬರುವ ಆಗ್ನೇಯ ದಿಕ್ಕನ್ನು ತೆರೆದಿಡಬೇಕು. ಉದುರಿದ ಎಲೆಗಳಿಗೆ ಬೆಂಕಿಯಿಡದೆ ಒಣಗಿಸಿ ಕೋಳಿಗೂಡಿಗೆ ಹಾಸಿದರೆ ಫೆಬ್ರುವರಿಯ ಹೊತ್ತಿಗೆ ಅರ್ಧ ಗೊಬ್ಬರವಾಗಿರುತ್ತದೆ. ಅದನ್ನು ಹಸಿಯಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಇನ್ನೂ ಎರಡು ಮೂರು ತಿಂಗಳು ಗುಂಡಿಯಲ್ಲಿ ಕೊಳೆಸಿ, ಜೂನ್ ಕೊನೆಯ ಮೊದಲ ಮಳೆಗೆ ಬಾಳೆಯ ಬುಡಕ್ಕೆ ಹಾಕಬಹುದು.