ಗುಳೆಗೆ ಜೊತೆ ಇತ್ತು, ಗಲ್ಫ್‌ಗೆ ಯಾರಿದ್ದಾರೆ?

ಮಾನ್ವಿಯಲ್ಲಿ ಒಂದು ಕಾರ್ಯಕ್ರಮ. ಭಾಷಣ ಮುಗಿಸಿ ವೇದಿಕೆ ಇಳಿದೆ. ಶಾಲು, ಹಾರ, ಸೆಲ್ಫಿ ಎಲ್ಲ ಮುಗಿದು ಜನ ಚದುರಿದ ಮೇಲೂ ಒಬ್ಬ ತಾಯಿ ಕಂಬಕ್ಕೆ ಒರಗಿಕೊಂಡು ನಿಂತೇ ಇದ್ದರು. ದೇವದುರ್ಗ ತಾಲೂಕಿನ ಒಂದು ಹಳ್ಳಿಯವರು. ಮಗಳನ್ನ ಮಾನ್ವಿಗೆ ಕೊಟ್ಟಿದ್ದಾರೆ. ಮಗಳ ಮನೆಗೆ ಬಂದವರು ಟಿವಿಯವನು ಬಂದಿದ್ದಾನಂತೆ ಅಂತ ಕೇಳಿ ನೋಡೋಕೆ ಬಂದಿದ್ದರು.

"ಯಪ್ಪಾ, ನೀ ಟಿವ್ಯಾಗ ಊರ ಮಂದಿ ಸುದ್ದಿ ಎಲ್ಲಾ ಹೇಳ್ತಿ. ನನ್ನ ಮಗನ ಸುದ್ದಿ ಒಂದೀಟು ತಿಳಕೊಂಡು ಹೇಳಪಾ" ಅಂದರು.

ಮಗ ದುಬೈಗೆ ಹೋಗಿ ಎಂಟು ತಿಂಗಳಾಗಿದೆ. ಸೆಂಟ್ರಿಂಗ್ ಕೆಲಸ. ಎರಡು ವರ್ಷದ ಕಾಂಟ್ರ್ಯಾಕ್ಟು. ಮೊದಮೊದಲು ದಿನಾ ಫೋನ್ ಮಾಡ್ತಿದ್ದ. ಆಮೇಲೆ ವಾರಕ್ಕೊಮ್ಮೆ. ಈಗ ಹದಿನೈದು ದಿನಕ್ಕೊಮ್ಮೆ ‘ಆರಾಮಿದೀನಿ’ ಅಂತ ಒಂದು ಮೆಸೇಜ್, ಅಷ್ಟೇ. ದುಡ್ಡು ಮಾತ್ರ ತಪ್ಪದೇ ಬರ್ತಿದೆ. ಇವರೇ ವಾಟ್ಸಾಪ್‌ನಲ್ಲಿ ಕರೆ ಮಾಡಿದರೆ ಹೋಗೋದೇ ಇಲ್ಲ.

"ಬೆಂಗಳೂರಾಗ ದುಡಿಯಾಕ ಹೋದಾಗ ಹಿಂಗ ಇರಲಿಲ್ಲಪಾ. ಅಲ್ಲಿ ಯಾರನ್ನರ ಮಾಡಿಕೊಂಡಾನೇನು?" ಅಂತ ಸಣ್ಣ ದನಿಯಲ್ಲಿ ಕೇಳಿದರು.

ನನಗೆ ತಕ್ಷಣ ಉತ್ತರ ಕೊಡೋಕೆ ಆಗಲಿಲ್ಲ. ಆದರೆ ಆ ತಾಯಿಯ ಒಂದು ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಬೆಂಗಳೂರಿಗೆ ಹೋದಾಗ ಹಿಂಗಿರಲಿಲ್ಲ. ಅದೇ ಹುಡುಗ, ಅದೇ ಸೆಂಟ್ರಿಂಗ್ ಕೆಲಸ. ಬದಲಾಗಿದ್ದೇನು?

ನಾನು ರಾಯಚೂರಿನವನು. ಗುಳೆ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ. ನಕ್ಷೆ ನೋಡಿದವರು ಇದು ಬಂಗಾರದ ಸೀಮೆ ಅಂದುಕೊಳ್ಳಬೇಕು. ಆದರೆ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಗುರುತಿಸಿತಲ್ಲ, ಆ ಪಟ್ಟಿಯಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. ಕಾಲುವೆ ನೀರು ತಲುಪಿದ ಹೊಲದವನು ಉಳಿದ. ತಲುಪದವನು ಬಸ್ ಹತ್ತಿದ.

ಆ ಬಸ್ಸನ್ನ ನೀವು ನೋಡಿರಬೇಕು. ಗಂಡ, ಹೆಂಡತಿ, ಮಕ್ಕಳು, ಅತ್ತಿಗೆ, ಅಳಿಯ. ಕೊಡ, ಬೋಗುಣಿ, ಕೌದಿ, ಜೋಳದ ಚೀಲ. ಬೆಂಗಳೂರಿನ ಯಾವುದೋ ಕಟ್ಟಡದ ಪಕ್ಕ ತಗಡಿನ ಶೆಡ್ಡು ಬಿದ್ದ ಮೇಲೆ ಅಲ್ಲೇ ಒಲೆ, ಅಲ್ಲೇ ರೊಟ್ಟಿ, ಅಲ್ಲೇ ಜಗಳ. ಮೊಹರಂಗೆ ಊರಿಗೆ ಹೋಗೋದು ಅಂದರೆ ಇಡೀ ಶೆಡ್ಡೇ ಖಾಲಿ. ಹಾಗಂತ ಗುಳೆಯನ್ನ ಹೊಗಳುತ್ತಿದ್ದೀನಿ ಅಂದುಕೊಳ್ಳಬೇಡಿ. ಅದರಿಂದ ಎಷ್ಟು ಮಕ್ಕಳ ಶಾಲೆ ತಪ್ಪಿದೆ ಅಂತ ನಮ್ಮೂರಿನ ಮಾಸ್ತರರನ್ನ ಕೇಳಿ. ಆದರೆ ಗುಳೆ ಹೋದವನು ಊರನ್ನ ಬಿಟ್ಟು ಹೋಗಲ್ಲ. ಊರಿನ ಒಂದು ತುಂಡನ್ನ ಜೊತೆಗೇ ಕಟ್ಟಿಕೊಂಡು ಹೋಗ್ತಾನೆ.

ಗಲ್ಫ್‌ಗೆ ಹೋಗುವವನು ಒಂದು ಸೂಟ್‌ಕೇಸ್ ಹಿಡಿದುಕೊಂಡು ಹೋಗ್ತಾನೆ. ಅಮೆರಿಕಕ್ಕೋ ಜರ್ಮನಿಗೋ ಆರು ತಿಂಗಳ ಆನ್‌ಸೈಟ್ ಅಂತ ಹೋಗುವ ನಮ್ಮ ಇಂಜಿನಿಯರ್ ಹುಡುಗನ ಕಥೆಯೂ ಅಷ್ಟೇ. ಸಂಬಳ ಬೇರೆ, ವಾಸದ ಜಾಗ ಬೇರೆ. ಕೊರತೆ ಮಾತ್ರ ಒಂದೇ.

ಈ ಮಾತನ್ನ ನಾನು ಪುಸ್ತಕ ಓದಿ ಹೇಳ್ತಿಲ್ಲ. ಹಿಂದೊಮ್ಮೆ ಕೆಲಸದ ಮೇಲೆ ಚಳಿಗಾಲದಲ್ಲಿ ಎರಡು ತಿಂಗಳು ಲಂಡನ್‌ನಲ್ಲಿ ಒಬ್ಬನೇ ಇದ್ದೆ. ಮೊದಲ ಎರಡು ವಾರ ಮದುವೆ ಮನೆ ಸಂಭ್ರಮ. ಸೇತುವೆ, ಅರಮನೆ, ಕೆಂಪು ಬಸ್ಸು, ಎಲ್ಲದರ ಫೋಟೋ. ಮೂರನೇ ವಾರ ಯಾಕೋ ಫೋಟೋ ತೆಗೆಯೋ ಮನಸ್ಸಾಗಲಿಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ರಾಯಚೂರಿನ ಬಿಸಿಲಿಗೆ ಬೈದುಕೊಂಡೇ ಬೆಳೆದ ನಾನು ಒಂದು ದಿನ ಕಿಟಕಿ ಪಕ್ಕ ನಿಂತು ಬಿಸಿಲಿಗಾಗಿ ಕಣ್ಣೀರು ಹಾಕಿದೆ. ನಗಬೇಡಿ, ನಿಜ. ನಾನು ರೂಮಿಗೆ ಬಂದು ಕೂರುವ ರಾತ್ರಿ ಏಳೂವರೆಗೆ ಊರಲ್ಲಿ ರಾತ್ರಿ ಒಂದು ಗಂಟೆ. ಯಾರಿಗೆ ಫೋನ್ ಮಾಡೋದು? ಬೆಳಗ್ಗೆ ಮಾಡಿದರೆ ಅಮ್ಮ ‘ಹೆಂಗದಿ?’ ಅಂತಿದ್ದಳು. ‘ಆರಾಮ’ ಅಂತಿದ್ದೆ. ದಿನಾ ಸುಳ್ಳು ಹೇಳೋದಕ್ಕೂ ಬೇಜಾರು ಬರುತ್ತೆ. ಕೊನೆಗೆ ಫೋನ್ ಮಾಡೋದೇ ಕಡಿಮೆ ಮಾಡಿದೆ.

ಹಾಗಾಗಿ ಆ ತಾಯಿಗೆ ಅವತ್ತೇ ಒಂದು ಮಾತು ಹೇಳಿದೆ. "ಅವ್ವಾ, ನಿಮ್ಮ ಮಗ ಯಾರನ್ನೂ ಮಾಡಿಕೊಂಡಿಲ್ಲ. ಯಾರೂ ಇಲ್ಲದ್ದಕ್ಕೇ ಹಿಂಗಾಗಿದೆ ಅನ್ಸುತ್ತೆ." ಮಗನ ನಂಬರ್ ಬರೆದುಕೊಂಡು ಬಂದೆ.

ಈಗ ಸ್ವಲ್ಪ ವಿಷಯಕ್ಕೆ ಬರೋಣ. ಈ ಒಂಟಿತನ ಆ ಹುಡುಗನ ದೌರ್ಬಲ್ಯ ಅಲ್ಲ. ಇದನ್ನ ಪಂಡಿತರು ಎಪ್ಪತ್ತು ವರ್ಷದ ಹಿಂದೆಯೇ ಅಭ್ಯಾಸ ಮಾಡಿದ್ದಾರೆ. 1955ರಲ್ಲಿ ಸ್ವೆರ‍್ರೆ ಲಿಸ್‌ಗಾರ್ಡ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞ, ಅಮೆರಿಕಕ್ಕೆ ಓದಲು, ಸಂಶೋಧನೆ ಮಾಡಲು ಹೋಗಿ ಬಂದ ನಾರ್ವೆಯವರನ್ನು ಮಾತಾಡಿಸಿ ಒಂದು ಅಧ್ಯಯನ ಪ್ರಕಟಿಸಿದ. ಅವನಿಗೆ ಸಿಕ್ಕಿದ್ದೇನು ಗೊತ್ತಾ? ಆರು ತಿಂಗಳೊಳಗೆ ಇದ್ದು ಬಂದವರು ಚೆನ್ನಾಗಿ ಹೊಂದಿಕೊಂಡಿದ್ದರು. ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಚೆನ್ನಾಗಿದ್ದರು. ಆರರಿಂದ ಹದಿನೆಂಟು ತಿಂಗಳು ಇದ್ದವರು ಮಾತ್ರ ಹೊಂದಿಕೊಳ್ಳದೇ ಒದ್ದಾಡಿದ್ದರು. ಗೆರೆ ಎಳೆದರೆ ಬಾವಿಯ ಹಾಗೆ, ನಡುವೆ ಇಳಿದು ಮತ್ತೆ ಮೇಲೆ ಬರುತ್ತೆ. 1960ರಲ್ಲಿ ಕಾಲರ್ವೊ ಒಬರ್ಗ್ ಎಂಬ ಮಾನವಶಾಸ್ತ್ರಜ್ಞ ಇದೇ ಸಂಕಟದ ಬಗ್ಗೆ ಬರೆದ ಲೇಖನದಿಂದ ‘ಕಲ್ಚರ್ ಶಾಕ್’ ಅನ್ನುವ ಮಾತು ಜನಪ್ರಿಯ ಆಯ್ತು. ಎಲ್ಲರಿಗೂ ಇದೇ ಗೆರೆ ಅನ್ವಯ ಆಗಲ್ಲ ಅಂತ ಮುಂದಿನ ಸಂಶೋಧಕರು ಹೇಳಿದ್ದಾರೆ, ಅದೂ ಸರಿ. ಆದರೆ ಎರಡು ವರ್ಷದ ಕಾಂಟ್ರ್ಯಾಕ್ಟಿಗೆ ಹೋದವನನ್ನ ನೆನೆಸಿಕೊಳ್ಳಿ. ಅವನ ಬಾವಿ ಸರಿಯಾಗಿ ನಡುವರ್ಷದಲ್ಲೇ ಬರುತ್ತೆ. ನಮ್ಮ ಹುಡುಗ ಎಂಟನೇ ತಿಂಗಳಲ್ಲಿದ್ದ.

ಇನ್ನು ಆ ಫೋನಿನ ಕಥೆ. ಅದರಲ್ಲಿ ಅರ್ಧ ಮನಸ್ಸಿನದು, ಅರ್ಧ ಕಾನೂನಿನದು. ಯುಎಇಯಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತೆ, ಕರೆ ಹೋಗಲ್ಲ. ಅಲ್ಲಿ ಪರವಾನಗಿ ಇರುವ ಬೋಟಿಮ್‌ನಂಥ ಆ್ಯಪ್‌ಗಳೇ ಬೇಕು. ಇದು ಗೊತ್ತಿಲ್ಲದ ಎಷ್ಟು ತಾಯಂದಿರು ‘ಮಗ ಫೋನ್ ಎತ್ತಂಗಿಲ್ಲ’ ಅಂತ ಅಳುತ್ತಾ ಕೂತಿದ್ದಾರೋ! ಹೊರಡುವ ಮುಂಚೆಯೇ ಮನೆಯವರ ಫೋನಿಗೂ ಆ ಆ್ಯಪ್ ಹಾಕಿಕೊಡಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್ ಎರಡೂವರೆ ಗಂಟೆ ಹಿಂದೆ. ಅಲ್ಲಿ ಅವನು ರಾತ್ರಿ ಎಂಟೂವರೆಗೆ ಉಂಡು ಕೂತಾಗ ಹಳ್ಳಿಯಲ್ಲಿ ಹತ್ತೋ ಹನ್ನೊಂದೋ ಗಂಟೆ, ಅವ್ವ ಮಲಗಿರ್ತಾಳೆ. ಅದಕ್ಕೇ ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಸಂತೆ ದಿನದ ಹಾಗೆ.

ಬಿಸಿಲಿನ ವಿಷಯದಲ್ಲೂ ನಮ್ಮವರು ಒಂದು ತಪ್ಪು ಲೆಕ್ಕ ಹಾಕ್ತಾರೆ. ‘ರಾಯಚೂರು ಬಿಸಿಲು ಉಂಡವನಿಗೆ ಗಲ್ಫ್ ಬಿಸಿಲು ಯಾವ ಲೆಕ್ಕ?’ ಅಂತ. ಸ್ವಾಮಿ, ನಮ್ಮದು ಒಣ ಬಿಸಿಲು. ಬೆವರು ಆರುತ್ತೆ, ಮೈ ತಂಪಾಗುತ್ತೆ. ದುಬೈ, ದೋಹಾ ಸಮುದ್ರದ ದಂಡೆಯ ಊರುಗಳು. ಗಾಳಿಯಲ್ಲೇ ನೀರಿನ ಪಸೆ ಇದ್ದಾಗ ಬೆವರು ಆರೋದೇ ಇಲ್ಲ, ಮೈಯ ಶಾಖ ಒಳಗೇ ಉಳಿಯುತ್ತೆ. ಅದಕ್ಕೇ ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ ಅಂತ ನಿಯಮ ಇದೆ. ಅದು ಕಾರ್ಮಿಕನ ಹಕ್ಕು, ಮೇಸ್ತ್ರಿಯ ದಯೆ ಅಲ್ಲ.

ಬುತ್ತಿ ಕಟ್ಟುವ ಅವ್ವಂದಿರಿಗೂ ಒಂದು ಮಾತು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ಕಟ್ಟಿ. ಆದರೆ ಗಸಗಸೆ ಮಾತ್ರ ಒಂದು ಕಾಳೂ ಬೇಡ. ನಮಗೆ ಅದು ಪಾಯಸದ ಸಾಮಾನು. ಯುಎಇ, ಸೌದಿ, ಕತಾರ್‌ನಂಥ ದೇಶಗಳಲ್ಲಿ ಅದು ಅಫೀಮು ಗಿಡದ ಬೀಜ ಅಂತ ನಿಷೇಧ. ಪ್ರೀತಿಯಿಂದ ಗಸಗಸೆ ಉದುರಿಸಿದ ಅನಾರಸ ಮಗನನ್ನ ಜೈಲಿಗೆ ಕಳಿಸಬಹುದು.

ಎಲ್ಲಕ್ಕಿಂತ ದೊಡ್ಡ ವಿಷಯ ಸಾಲ. ಆ ಹುಡುಗ ಏಜೆಂಟ್‌ಗೆ ಕೊಟ್ಟಿದ್ದು ಒಂದೂವರೆ ಲಕ್ಷ, ಬಡ್ಡಿಗೆ ತಂದು. ಕಾನೂನು ಏನು ಹೇಳುತ್ತೆ? ನೋಂದಾಯಿತ ಏಜೆಂಟ್ ಸೇವಾ ಶುಲ್ಕ ಅಂತ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಬಿಟ್ಟು ಹೆಚ್ಚು ತೆಗೆದುಕೊಳ್ಳುವ ಹಾಗಿಲ್ಲ. ಹತ್ತನೇ ತರಗತಿ ಪಾಸಾಗದವರು ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಏಜೆಂಟ್ ಅಸಲಿಯೋ ನಕಲಿಯೋ ಅಂತಲೂ ನೋಡಬಹುದು. ಅನುಮತಿ ಪಡೆದು ಹೋದವನಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲನಾದರೆ 10 ಲಕ್ಷ ರೂಪಾಯಿ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋದವನಿಗೆ ಈ ಯಾವ ರಕ್ಷಣೆಯೂ ಇಲ್ಲ.

ಒಂಟಿತನದ ಬಗ್ಗೆ ಹೇಳ್ತಾ ಸಾಲದ ಮಾತು ಯಾಕೆ ತಂದೆ? ಅವೆರಡೂ ಬೇರೆ ಬೇರೆ ಅಲ್ಲ. ಸಾಲ ಮಾಡಿ ಹೋದವನು ‘ನನಗೆ ಇಲ್ಲಿ ಆಗ್ತಿಲ್ಲ’ ಅಂತ ಹೇಳೋ ಹಾಗಿಲ್ಲ. ಆ ಒಂದು ವಾಕ್ಯ ಹೇಳೋಕೆ ಆಗದವನು ಕ್ರಮೇಣ ಯಾವ ವಾಕ್ಯವನ್ನೂ ಹೇಳಲ್ಲ.

ಹುಡುಗನಿಗೆ ಮೆಸೇಜ್ ಹಾಕಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ, ಭಾನುವಾರ, ಅವನೇ ಫೋನ್ ಮಾಡಿದ. ರೂಮಲ್ಲಿ ಎಂಟು ಜನ ಇದ್ದಾರಂತೆ. ಬಂಗಾಳಿ, ಬಿಹಾರಿ, ತೆಲುಗು. ಕನ್ನಡದವರು ಯಾರೂ ಇಲ್ಲ. ಒಬ್ಬನೇ ಇರೋದು ಅಂದರೆ ಕೋಣೆಯಲ್ಲಿ ಒಬ್ಬನೇ ಇರೋದಲ್ಲ ಅಂತ ನನಗೆ ಅವತ್ತು ತಿಳಿಯಿತು.

"ಅವ್ವ ‘ಉಂಡೇನಪಾ’ ಅಂತ ಕೇಳ್ತಾಳ್ರೀ ಅಣ್ಣಾರ. ಉಂಡೀನಿ ಅಂತೀನಿ. ಮುಂದ ಏನ್ ಹೇಳ್ಲಿ?" ಅಂದ.

ಈ ಪ್ರಶ್ನೆ ಮನೆಯಲ್ಲಿರೋ ನಮ್ಮ ಕಡೆಗೆ ಬಂದಿದ್ದು. ನಾವು ಹೋದವನನ್ನ ದುಡ್ಡು ಕಳಿಸೋನು ಮಾಡಿಬಿಡ್ತೀವಿ. ಮನೆಯ ಕಷ್ಟ ಹೇಳಲ್ಲ, ‘ಪಾಪ, ದೂರ ಇದ್ದಾನೆ’ ಅಂತ. ಸಲಹೆ ಕೇಳಲ್ಲ, ‘ಅವನಿಗೇನು ಗೊತ್ತಾಗುತ್ತೆ’ ಅಂತ. ಮೆಲ್ಲಗೆ ಅವನು ಮನೆಯ ಮಾತಿನಿಂದಲೇ ಹೊರಗಾಗ್ತಾನೆ. ಬೆಂಗಳೂರಿನ ಶೆಡ್ಡಿನಲ್ಲಿ ಅವನಿಗೆ ಒಂದು ಜಾಗ ಇತ್ತು. ಯಾರ ಮದುವೆಗೆ ಎಷ್ಟು ಮುಯ್ಯಿ ಮಾಡಬೇಕು ಅನ್ನೋದರಲ್ಲಿ ಅವನ ಮಾತು ನಡೀತಿತ್ತು.

ಅವನಿಗೆ ಎರಡೇ ಮಾತು ಹೇಳಿದೆ. ಒಂದು, ರಾಯಚೂರು ಸೀಮೆಯವನಿಗೆ ತೆಲುಗೂ ಬರುತ್ತೆ, ಹಿಂದಿ-ಉರ್ದುವೂ ಬರುತ್ತೆ. ನಿಜಾಮರ ಕಾಲದ ಹೈದರಾಬಾದ್ ಸಂಸ್ಥಾನ ನಮಗೆ ಬಿಟ್ಟುಹೋದ ಆಸ್ತಿ ಅದು. ರೂಮಿನ ತೆಲುಗು ಹುಡುಗನ ಜೊತೆ ಸೇರಿ ವಾರಕ್ಕೊಮ್ಮೆ ಅಡುಗೆ ಮಾಡು. ಲಂಡನ್‌ನಲ್ಲಿ ನನ್ನನ್ನ ಉಳಿಸಿದ್ದೂ ಇಂಥದ್ದೇ ಒಂದು ರೂಢಿ. ಪ್ರತಿ ಭಾನುವಾರ ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಯವರೆಗೆ ನಡೆದುಕೊಂಡು ಹೋಗಿ ಬರ್ತಿದ್ದೆ. 2015ರ ನವೆಂಬರ್‌ನಲ್ಲಿ ಅನಾವರಣ ಆಗಿದ್ದು ಅದು. ಹೋಗಲೇಬೇಕಾದ ಒಂದು ಜಾಗ ಅಂತ ಇದ್ದರೆ ವಾರಕ್ಕೆ ಒಂದು ಆಕಾರ ಬರುತ್ತೆ. ಎರಡು, ಸಂಬಳ, ಪಾಸ್‌ಪೋರ್ಟ್, ಏನೇ ತೊಂದರೆ ಆದರೂ ದುಬೈನಲ್ಲಿ ನಮ್ಮ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ. ಉಚಿತ ಸಂಖ್ಯೆ 800 46342. ಫೋನಿನಲ್ಲಿ ಬರೆದಿಟ್ಟುಕೋ ಅಂದೆ.

ಅವ್ವನಿಗೂ ಹೇಳಿದೆ. ‘ಉಂಡೇನಪಾ’ ಅಂತ ಒಂದು ಸಲ ಕೇಳಿ ಸಾಕು. ಆಮೇಲೆ ಮನೆ ಸುದ್ದಿ ಹೇಳಿ. ಕಾಲುವೆಗೆ ನೀರು ಬಂತೋ ಇಲ್ಲವೋ, ಯಾರ ಮನೆಯಲ್ಲಿ ಜಗಳ ಆಯ್ತು, ಎಲ್ಲಾ ಹೇಳಿ. ಒಂದು ಕೆಲಸ ಅವನನ್ನ ಕೇಳಿಯೇ ಮಾಡಿ. ನಿಮಗೇ ಮನಸ್ಸು ಭಾರ ಆಗಿ ನಿದ್ದೆ ಬರದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಸಂಜೆ ಆ ತಾಯಿಯ ಫೋನ್ ಬಂತು. ದನಿ ಏರಿತ್ತು. ಏನೋ ಅನಾಹುತ ಆಯ್ತು ಅಂದುಕೊಂಡೆ.

"ಯಪ್ಪಾ, ಆಡು ಮಾರಿಬಿಟ್ಟೆ ನೋಡು, ಅವನಿಗೆ ಹೇಳದಾ. ಈಗ ಫೋನ್ ಹಚ್ಚಿ ಅರ್ಧ ತಾಸು ಬೈದಾನಪಾ ನನಗ! ‘ನಾ ಸತ್ತೀನೇನು, ನನ್ನ ಕೇಳಬಾರದೇನು’ ಅಂತಾನ!"

ಹೇಳ್ತಾ ಹೇಳ್ತಾ ಅವರು ನಗೋಕೆ ಶುರು ಮಾಡಿದರು. ನನಗೂ ನಗು ಬಂತು. ಎಂಟು ತಿಂಗಳು ‘ಆರಾಮಿದೀನಿ’ ಅಂದವನು ಅವತ್ತು ಮೊದಲ ಸಲ ಮನೆಯವನ ಹಾಗೆ ಜಗಳ ಆಡಿದ್ದ.