ಹಾರದ ಈಡು

1834ರಲ್ಲಿ ಬ್ರಿಟಿಷ್ ಸೇನೆ ವುಲಿಚ್‌ನಲ್ಲಿ ಹಳೆಯ ಚಕಮಕಿ ಬಂದೂಕನ್ನೂ ಹೊಸ ಕೇಪಿನ ಬಂದೂಕನ್ನೂ ಸಾವಿರಾರು ಸಲ ಹಾರಿಸಿ ಪರೀಕ್ಷಿಸಿತು. ಚಕಮಕಿಯದು ಹದಿಮೂರರಲ್ಲಿ ಎರಡು ಸಲ ಕೈಕೊಟ್ಟಿತು. ಕೇಪಿನದು ಸಾವಿರಕ್ಕೆ ಆರು ಸಲ. ನಮ್ಮ ಮಲೆನಾಡಿನ ಕೇಪಿನ ಕೋವಿ ಈ ವಂಶದ್ದೇ. ಇಂದಿನ ಕಾರ್ಖಾನೆಯ ತೋಟೆ ಅದಕ್ಕಿಂತಲೂ ಎಷ್ಟೋ ನಂಬಿಕಸ್ಥ. ಹಾಗಾಗಿ ಈಗ ಒಂದು ಈಡು ಹಾರಲಿಲ್ಲವೆಂದರೆ ಹಣೆಬರಹವೆಂದು ಬಿಡುವಂತಿಲ್ಲ. ಕಾರಣ ಇದ್ದೇ ಇರುತ್ತದೆ.

ಈ ಕಾರಣಗಳನ್ನು ಹೆಚ್ಚು ಹುಡುಕುವವರು ಅಮೆರಿಕದ ಬೇಟೆಗಾರರು. ಜಿಂಕೆ, ಎಲ್ಕ್ ಬೇಟೆಗೆ ಹೋಗುವ ಅನೇಕರು ಅಲ್ಲಿ ತೋಟೆಯನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಹಾರಿಸಿದ ಹಿತ್ತಾಳೆಯ ಕೇಸನ್ನು ಅಚ್ಚಿನಲ್ಲಿ ಒತ್ತಿ ಅಳತೆಗೆ ತಂದು, ಹೊಸ ಪ್ರೈಮರ್ ಕೂರಿಸಿ, ಮದ್ದು ಅಳೆದು ಸುರಿದು, ಗುಂಡು ಒತ್ತುತ್ತಾರೆ. ಖರ್ಚು ಉಳಿಯುತ್ತದೆ, ತಮ್ಮ ರೈಫಲ್ಲಿಗೆ ಒಗ್ಗುವ ತೋಟೆ ಸಿಗುತ್ತದೆ. ಕಾರ್ಖಾನೆ ಹೊರಬೇಕಿದ್ದ ಹೊಣೆಯೂ ಅವರ ಹೆಗಲಿಗೇ ಬರುತ್ತದೆ.

ಟ್ರಿಗರ್ ಎಳೆದಾಗ ಬರೀ ‘ಟಕ್’ ಎಂದರೆ ತಕ್ಷಣ ಬೋಲ್ಟ್ ತೆರೆಯಬಾರದು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಬೋಲ್ಟ್ ತೆರೆದ ಹೊತ್ತಿಗೇ ಅದು ಸಿಡಿದರೆ ಮುಖಕ್ಕೆ, ಕೈಗೆ ಅಪಾಯ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ‘ಟುಸ್’ ಎಂಬ ಸಣ್ಣ ಸದ್ದು ಕೇಳಿದ್ದರೆ ಇನ್ನೂ ಎಚ್ಚರ ಬೇಕು. ಮದ್ದಿಲ್ಲದ ತೋಟೆಯ ಗುಂಡು ಪ್ರೈಮರಿನ ಬಲದಿಂದಲೇ ನಳಿಗೆಯೊಳಗೆ ಹೋಗಿ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಈಡು ಹಾರಿಸಿದರೆ ನಳಿಗೆ ಒಡೆಯಬಹುದು. ಕಾದ ನಂತರ ಬೋಲ್ಟ್ ಹೊರತೆಗೆದು, ನಳಿಗೆಯೊಳಗೆ ಬೆಳಕು ಹಾಯುತ್ತದೆಯೇ ಎಂದು ಕಣ್ಣಾರೆ ನೋಡಲೇಬೇಕು.

ಆಮೇಲೆ ಹಾರದ ತೋಟೆಯ ಬುಡವನ್ನು ಗಮನಿಸಿ. ಪ್ರೈಮರ್ ಎಂದರೆ ಪುಟ್ಟ ಲೋಹದ ಬಟ್ಟಲು. ಒಳಗೆ ಪೆಟ್ಟಿಗೆ ಸಿಡಿಯುವ ಮಸಾಲೆ, ಅದರ ಮುಂದೆ ಕಾಲುಗಳುಳ್ಳ ಅಡಿಗಲ್ಲು. ಫೈರಿಂಗ್ ಪಿನ್ ಬಟ್ಟಲನ್ನು ತಗ್ಗಿಸಿದಾಗ ಮಸಾಲೆ ಎರಡರ ನಡುವೆ ಅರೆದು ಕಿಡಿಯಾಗುತ್ತದೆ. ಅಡಿಗಲ್ಲನ್ನು ಪ್ರೈಮರಿನೊಳಗೇ ಇಟ್ಟವನು ಬ್ರಿಟಿಷ್ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್. ಈ ಬಗೆಯ ಕೇಸಿನ ತಳದಲ್ಲಿ ನಡುವೆ ಒಂದೇ ಕಿಂಡಿ ಇರುವುದರಿಂದ ಹಳೆಯ ಪ್ರೈಮರನ್ನು ಒಂದು ಕಡ್ಡಿಯಿಂದ ತಳ್ಳಿ ತೆಗೆಯಬಹುದು. ಮನೆಯಲ್ಲಿ ತೋಟೆ ತುಂಬುವ ಹವ್ಯಾಸ ಅಮೆರಿಕದಲ್ಲಿ ಇಷ್ಟು ಬೆಳೆದದ್ದಕ್ಕೆ ಈ ಒಂದು ಕಿಂಡಿಯ ಉಪಕಾರ ದೊಡ್ಡದು.

ಮೊದಲ ಪೆಟ್ಟಿಗೆ ಹಾರದ ತೋಟೆ ಎರಡನೆಯದಕ್ಕೆ ಹಾರಿದರೆ ಮೊದಲ ಅನುಮಾನ ಪ್ರೈಮರ್ ಪೂರ್ತಿ ಕೂತಿಲ್ಲವೆಂದು. ಅಡಿಗಲ್ಲಿನ ಕಾಲು ಕೇಸಿನ ಬುಡದಲ್ಲಿ ಪ್ರೈಮರ್ ಕೂರುವ ಗುಳಿಯ ತಳಕ್ಕೆ ತಾಗದಿದ್ದರೆ ಪಿನ್ನಿನ ಪೆಟ್ಟು ಪ್ರೈಮರನ್ನು ಒಳಕ್ಕೆ ತಳ್ಳುವುದರಲ್ಲೇ ಮುಗಿಯುತ್ತದೆ; ಹಾಸಿಗೆಯ ಮೇಲೆ ತೆಂಗಿನಕಾಯಿ ಒಡೆಯಲು ಹೊರಟಂತೆ. ಗುಳಿಯಲ್ಲಿ ಗಟ್ಟಿಯಾದ ಹಳೆಯ ಮಸಿ, ತುಂಬುವವನ ಅವಸರ ಇದಕ್ಕೆ ಕಾರಣ. ಕೇಸನ್ನು ಹೊಳಪಿಸಲು ಬಳಸುವ ಜೋಳದ ದಿಂಡಿನ ತರಿ ಕಿಂಡಿಯಲ್ಲಿ ಸಿಕ್ಕಿಕೊಳ್ಳುವುದೂ ಉಂಟು. ಪ್ರೈಮರ್ ಕೂರಿಸಿದ ಪ್ರತಿ ಕೇಸಿನ ಬುಡವನ್ನೂ ಬೆರಳಿನಿಂದ ಸವರಬೇಕು. ಪ್ರೈಮರ್ ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು, ಸುಮಾರು 0.1 ಮಿ.ಮೀ., ಒಳಗಿದ್ದರೆ ಸರಿ.

ಪಿನ್ನಿನ ಗುರುತು ಆಳವಿಲ್ಲದೆ ಮೇಲುಮೇಲೆ ಮಾತ್ರ ಇದ್ದರೆ ಪ್ರಶ್ನೆ ಬೇರೆ, ಬಹಳ ಜನ ಎಡವುವುದೂ ಇಲ್ಲೇ. 1906ರಲ್ಲಿ ಅಮೆರಿಕದ ಸೇನೆಗೆ ಬಂದ ಥರ್ಟಿ-ಆಟ್-ಸಿಕ್ಸ್ ತೋಟೆಯನ್ನೇ ನೋಡಿ. ನಮ್ಮ ಪೊಲೀಸರ ಕೈಯಲ್ಲಿ ಬಹುಕಾಲ ಇದ್ದ 303ರ ತೋಟೆಗೆ ಬುಡದಲ್ಲಿ ಅಂಚಿದೆ. ಆ ಅಂಚೇ ತೋಟೆಯನ್ನು ತಡೆದು ನಿಲ್ಲಿಸುತ್ತದೆ. ಥರ್ಟಿ-ಆಟ್-ಸಿಕ್ಸ್‌ಗೆ ಅಂಥ ಅಂಚಿಲ್ಲ. ಕೇಸಿನ ಇಳಿಜಾರು ಭುಜ, ನಳಿಗೆಯ ಬುಡದಲ್ಲಿ ತೋಟೆ ಕೂರುವ ಚೇಂಬರಿನ ಭುಜಕ್ಕೆ ತಾಗಿ ನಿಲ್ಲಬೇಕು. ಅಚ್ಚನ್ನು ಅತಿಯಾಗಿ ಕೆಳಕ್ಕೆ ತಿರುಗಿಸಿ ಒತ್ತಿದರೆ ಆ ಭುಜ ಹಿಂದೆ ಸರಿದುಬಿಡುತ್ತದೆ. ಆಗ ಪಿನ್ ಹೊಡೆದೊಡನೆ ತೋಟೆ ಮುಂದಕ್ಕೆ ಜಾರಿ, ಪೆಟ್ಟಿನ ಬಲ ಅರ್ಧ ಸೋರಿಹೋಗುತ್ತದೆ.

ಅಂಥ ತೋಟೆ ಹಾರಿದರೂ ಕೆಡುಕೇ. ಒತ್ತಡಕ್ಕೆ ಕೇಸಿನ ಮುಂಭಾಗ ಚೇಂಬರಿನ ಗೋಡೆಗೆ ಕಚ್ಚಿಕೊಂಡು ನಿಲ್ಲುತ್ತದೆ, ಬುಡ ಹಿಂದಕ್ಕೆ ಹೋಗುತ್ತದೆ, ನಡುವಿನ ಹಿತ್ತಾಳೆ ಹಿಗ್ಗಿ ತೆಳುವಾಗುತ್ತದೆ. ಬುಡದ ತುಸು ಮೇಲೆ ಹೊಳೆಯುವ ಉಂಗುರ ಕಂಡರೆ ಆ ಕೇಸನ್ನು ಮತ್ತೆ ತುಂಬಲೇಬಾರದು. ಮುಂದೊಂದು ಸಲ ಅಲ್ಲೇ ಎರಡಾಗುತ್ತದೆ. ಪರಿಹಾರ ಸರಳ. ತನ್ನ ರೈಫಲ್ಲಿನಲ್ಲೇ ಹಾರಿಸಿದ ಕೇಸಿನ ಭುಜದ ಅಳತೆ ತೆಗೆದು, ಅದಕ್ಕಿಂತ 0.05 ಮಿ.ಮೀ.ನಷ್ಟು ಮಾತ್ರ ಹಿಂದೆ ಸರಿಯುವಂತೆ ಅಚ್ಚನ್ನು ಹೊಂದಿಸಬೇಕು. ಅಳತೆಯ ಉಪಕರಣಕ್ಕೆ ಹಾಕುವ ದುಡ್ಡು ದುಂದಲ್ಲವೆಂದು ನಾನು ಖಚಿತವಾಗಿ ಹೇಳುತ್ತೇನೆ. ಪ್ರೈಮರ್ ತಯಾರಿಸಿದವರನ್ನು ಬೈಯುವ ಮುನ್ನ ಈ ಅಳತೆ ಆಗಿರಲಿ. ಕಾರ್ಖಾನೆಯಿಂದಲೇ ಕೆಟ್ಟು ಬರುವ ಪ್ರೈಮರ್ ಅಪರೂಪ.

ತಪ್ಪು ರೈಫಲ್ಲಿನದೇ ಎಂದು ತಿಳಿಯುವುದು ಹೇಗೆ? ಕಾರ್ಖಾನೆಯ ಹೊಸ ತೋಟೆಗಳನ್ನು ಹಾರಿಸಿ ನೋಡುವುದು. ಅವೂ ಕೈಕೊಟ್ಟರೆ ಬೋಲ್ಟ್ ಬಿಚ್ಚಬೇಕು. ಮೊಂಟಾನಾದಂಥ ಕಡೆ ನವೆಂಬರಿನ ಚಳಿಗೆ ಒಳಗಿನ ಹಳೆಯ ಗ್ರೀಸ್ ಮಂದವಾಗಿ ಪಿನ್ನಿನ ವೇಗ ಕುಗ್ಗುತ್ತದೆ. ತೊಳೆದು ಒಣಗಿಸಿ, ಎಣ್ಣೆಯನ್ನು ತೆಳ್ಳಗೆ ಸವರಿದರೆ ಅಷ್ಟಕ್ಕೇ ಸರಿಹೋಗುವುದುಂಟು. ಇಲ್ಲದಿದ್ದರೆ ಸೋತ ಸ್ಪ್ರಿಂಗ್ ಅಥವಾ ಸವೆದ ಪಿನ್. ಅದು ಬಂದೂಕು ರಿಪೇರಿ ಬಲ್ಲವನ ಕೆಲಸ.

ಎರಡು ಪೆಟ್ಟಿಗೂ ಹಾರದ ತೋಟೆಯನ್ನು ಉಳಿದವುಗಳ ಜೊತೆ ಸೇರಿಸದೆ ಬೇರೆಯಾಗಿಡಬೇಕು. ಅದರ ಗುಂಡು ಕಿತ್ತು ಮದ್ದು ಚೆಲ್ಲಿದ ಮೇಲೂ ಪ್ರೈಮರಿನಲ್ಲಿ ಜೀವ ಉಳಿದಿರಬಹುದು. ಸುತ್ತಿಗೆಯಿಂದ ಬಡಿದು ತೆಗೆಯುವ ಸಾಹಸ ಬೇಡ.