ಠಾಣೆಯ ಖಾಡಿಯ ರಾಜಹಂಸಗಳೂ ಪಕ್ಷಿಧಾಮದ ಮೇರೆಯೂ

೧

ನಮ್ಮ ಕಾವ್ಯಗಳನ್ನು ಓದಿದವರಿಗೆ ರಾಜಹಂಸದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಕವಿಸಮಯದ ಪ್ರಕಾರ ಅದರ ನಿವಾಸವು ಮಾನಸಸರೋವರ. ಮಳೆಗಾಲದ ಮೊದಲ ಗುಡುಗು ಕೇಳಿಸಿದೊಡನೆ ಅದು ಉತ್ತರಾಭಿಮುಖವಾಗಿ ಹೊರಡುವುದು. ಹಾಲನ್ನೂ ನೀರನ್ನೂ ಬೇರ್ಪಡಿಸುವ ಶಕ್ತಿಯು ಅದಕ್ಕುಂಟು. ಅಮರಸಿಂಹನು ಕೊಕ್ಕೂ ಕಾಲುಗಳೂ ಕೆಂಪಾಗಿರುವ ಬಿಳಿಯ ಹಂಸಗಳಿಗೆ ಈ ಹೆಸರನ್ನು ಹೇಳಿದ್ದಾನೆ. ಈ ಲಕ್ಷಣವು ಈಗ ನಾವು ಕಾಣುವ ಪಕ್ಷಿಗಳಲ್ಲಿ ಯಾವುದಕ್ಕೆ ಸಲ್ಲತಕ್ಕದ್ದೆಂಬ ಚರ್ಚೆಯನ್ನು ಪ್ರಕೃತ ಬದಿಗಿಡೋಣ. ಇಂದಿನ ಕನ್ನಡದಲ್ಲಿ ಫ್ಲೆಮಿಂಗೋ ಎಂಬ ಹಕ್ಕಿಗೆ ರಾಜಹಂಸವೆಂಬ ಹೆಸರು ರೂಢವಾಗಿದೆ. ಈ ಲೇಖನದಲ್ಲಿಯೂ ಆ ಅರ್ಥದಲ್ಲಿಯೇ ಅದನ್ನು ಬಳಸಿದೆ.

ಈ ಹಕ್ಕಿಯನ್ನು ನೋಡಲು ಹಿಮಾಲಯದತ್ತ ಹೋಗಬೇಕಾಗಿಲ್ಲ. ಭಾರತದ ಅತ್ಯಂತ ಜನಭರಿತವಾದ ನಗರಗಳಲ್ಲೊಂದಾದ ಮುಂಬಯಿಯ ಮಗ್ಗುಲಲ್ಲಿ, ಠಾಣೆಯ ಖಾಡಿಯ ಕೆಸರಿನಲ್ಲಿ, ಅವು ಪ್ರತಿವರ್ಷವೂ ಚಳಿಗಾಲದಿಂದ ಮುಂಗಾರಿನವರೆಗೆ ತಂಗುವುವು. ಹುಲುಸಾದ ವರ್ಷಗಳಲ್ಲಿ ಅವುಗಳ ಸಂಖ್ಯೆಯು ಒಂದು ಲಕ್ಷವನ್ನು ಮೀರಿದ್ದುಂಟು. ವಾಶಿಯ ಸೇತುವೆಯ ಮೇಲೆ ರೈಲಿನಲ್ಲಿ ದಿನವೂ ಓಡಾಡುವ ಅಲ್ಲಿಯ ಕನ್ನಡಿಗರಿಗೂ ನಸುಗೆಂಪಾದ ಆ ಸಾಲುಗಳು ಅಪರಿಚಿತವಾದುವಲ್ಲ. ಇವುಗಳ ರಕ್ಷಣೆಗಾಗಿ ಸರ್ಕಾರವು ಒಂದು ಪಕ್ಷಿಧಾಮವನ್ನೂ ಏರ್ಪಡಿಸಿದೆ. ಹೀಗಿದ್ದರೂ ಈ ಹಕ್ಕಿಗಳ ಭವಿಷ್ಯವು ನಿಶ್ಚಿಂತವಾಗಿಲ್ಲವೇಕೆ? ಧಾಮದ ಮೇರೆಯೊಳಗೆ ಹಕ್ಕಿಯ ಅರ್ಧದಿನಕ್ಕೆ ಮಾತ್ರ ಎಡೆ ದೊರೆತಿರುವುದೇ ಅದಕ್ಕೆ ಮುಖ್ಯ ಕಾರಣವೆಂಬುದನ್ನು ಇಲ್ಲಿ ವಿವರಿಸುವೆನು.

೨

ಮೊದಲು ಖಾಡಿಯೆಂದರೇನೆಂಬುದನ್ನು ತಿಳಿಯೋಣ. ಕಡಲು ನೆಲದೊಳಕ್ಕೆ ಚಾಚಿದ ನೀಳವಾದ ನಾಲಗೆಗೆ ಮರಾಠಿಯಲ್ಲಿ ಖಾಡಿಯೆಂದು ಹೆಸರು. ಠಾಣೆಯ ಖಾಡಿಯು ಮುಂಬಯಿಯ ಬಂದರಿನಿಂದ ಉತ್ತರಕ್ಕೆ ಸುಮಾರು ೨೬ ಕಿಲೋಮೀಟರುಗಳಷ್ಟು ಹಬ್ಬಿ, ಠಾಣೆಯ ಬಳಿ ಕಿರಿದಾಗಿ, ಅಲ್ಲಿಂದ ಒಂದು ಸಣ್ಣ ಕವಲಿನ ಮೂಲಕ ಉಲ್ಹಾಸ ನದಿಯನ್ನು ಮುಟ್ಟುವುದು. ಅದರ ಪಶ್ಚಿಮದ ದಡದಲ್ಲಿ ಮುಂಬಯಿ, ಪೂರ್ವದ ದಡದಲ್ಲಿ ನವೀ ಮುಂಬಯಿ.

ಈ ನೀರಿನಲ್ಲಿ ದಿನಕ್ಕೆ ಎರಡು ಸಲ ಉಬ್ಬರವೂ ಎರಡು ಸಲ ಇಳಿತವೂ ಆಗುವುವು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇವೆರಡರ ಅಂತರವು ೪ ಮೀಟರುಗಳನ್ನೂ ಮೀರುವುದುಂಟು. ನೀರು ಇಳಿದಾಗ ದಡದುದ್ದಕ್ಕೂ ವಿಶಾಲವಾದ ಕೆಸರುಬಯಲು ತೆರೆದುಕೊಳ್ಳುವುದು. ಏರಿದಾಗ ಅದು ಸಂಪೂರ್ಣವಾಗಿ ಮುಳುಗುವುದು. ಬಯಲಿನ ಅಂಚಿನಲ್ಲಿ, ಉಪ್ಪುನೀರನ್ನು ಸಹಿಸಿ ಬೆಳೆಯುವ ಮರಗಳ ದಟ್ಟವಾದ ಕಾಡಿದೆ. ನಮ್ಮ ಕರಾವಳಿಯವರು ಕಾಂಡ್ಲವೆಂದೂ ಮರಾಠಿಗರು ತಿವರವೆಂದೂ ಕರೆಯುವ ಜಾತಿಯ ಮರಗಳಿವು. ಉಬ್ಬರವು ತರುವ ಹೂಳನ್ನು ಇವುಗಳ ಬೇರುಗಳು ಹಿಡಿದು ನಿಲ್ಲಿಸುವುವು. ಮೀನು, ಏಡಿ, ಸಿಗಡಿಗಳ ಮರಿಗಳು ಅಲ್ಲಿ ಆಶ್ರಯ ಪಡೆಯುವುವು. ಬಿರುಗಾಳಿಯ ಅಲೆಗಳ ವೇಗವನ್ನೂ ಅವು ತಗ್ಗಿಸುವುವು.

ಕೆಸರುಬಯಲು ಮೇಲುನೋಟಕ್ಕೆ ಬರಿದಾದ ಹಾಳುನೆಲವೆಂದು ತೋರುವುದಾದರೂ ವಾಸ್ತವವು ಅದಕ್ಕೆ ವಿರುದ್ಧವಾಗಿದೆ. ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿಗಳು ಬೆಳೆಯುವುವು. ಅದರ ಒಡಲಲ್ಲಿ ಹುಳುಗಳೂ ಚಿಪ್ಪಿನ ಪ್ರಾಣಿಗಳೂ ತುಂಬಿರುವುವು. ದೂರದೇಶಗಳಿಂದ ಬರುವ ನೀರುಹಕ್ಕಿಗಳಿಗೆ ಅದು ಅನ್ನಸತ್ರವೇ ಸರಿ.

೩

ಇನ್ನು ಹಕ್ಕಿಯ ವಿಚಾರ. ಈ ಖಾಡಿಗೆ ಎರಡು ಜಾತಿಯ ರಾಜಹಂಸಗಳು ಬರುವುವು. ಹಿರಿಯ ಜಾತಿಯದು ನಿಂತರೆ ಸುಮಾರು ನಾಲ್ಕಡಿಗೂ ಮಿಕ್ಕಿ ಎತ್ತರವಿರುವುದು. ಬಣ್ಣವು ನಸುಗೆಂಪು ಬೆರೆತ ಬಿಳುಪು. ಕಿರಿಯದು ಮೂರಡಿಗಿಂತ ಕಡಮೆ. ಬಣ್ಣವು ಇನ್ನೂ ಗಾಢ. ಸಂಖ್ಯೆಯಲ್ಲಿ ಕಿರಿಯದೇ ಹೆಚ್ಚು. ಮರಿಗಳು ಹುಟ್ಟುವಾಗ ಬೂದುಬಣ್ಣದವಾಗಿದ್ದು, ಆಹಾರದಲ್ಲಿರುವ ವರ್ಣದ್ರವ್ಯಗಳಿಂದ ಕಾಲಕ್ರಮದಲ್ಲಿ ಕೆಂಬಣ್ಣವನ್ನು ಪಡೆಯುವುವು.

ಅವು ಉಣ್ಣುವ ರೀತಿಯು ವಿಚಿತ್ರವಾದುದು. ನಡುವೆ ಬಾಗಿದ ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲಿಟ್ಟು, ನಾಲಗೆಯನ್ನು ಹಿಂದುಮುಂದಾಗಿ ಆಡಿಸಿ ಕೆಸರುನೀರನ್ನು ಒಳಕ್ಕೆಳೆದು ಹೊರಕ್ಕೆ ನೂಕುವುವು. ಕೊಕ್ಕಿನ ಒಳಅಂಚಿನಲ್ಲಿರುವ ಬಾಚಣಿಗೆಯಂತಹ ತಡಿಕೆಯಲ್ಲಿ ಆಹಾರವು ನಿಂತು, ನೀರು ಹರಿದುಹೋಗುವುದು. ಕಿರಿಯ ರಾಜಹಂಸದ ತಡಿಕೆಯು ಬಹು ನಯವಾದುದರಿಂದ ಅದು ನೀಲಿಹಸುರು ಪಾಚಿಯಂತಹ ಸೂಕ್ಷ್ಮವಸ್ತುವನ್ನೂ ಸೋಸಬಲ್ಲುದು. ಹಿರಿಯದು ಸಣ್ಣ ಸಿಗಡಿ, ಚಿಪ್ಪು, ಹುಳುಗಳನ್ನು ಹಿಡಿಯುವುದು. ಒಂದೇ ಬಯಲಿನಲ್ಲಿ ಎರಡು ಜಾತಿಗಳೂ ವ್ಯಾಜ್ಯವಿಲ್ಲದೆ ಬಾಳುವುದಕ್ಕೆ ಈ ಭೇದವೇ ಕಾರಣ.

ಮುಂಗಾರು ಸಮೀಪಿಸುತ್ತಲೇ ಇವುಗಳಲ್ಲಿ ಬಹುಪಾಲು ಗುಜರಾತಿನ ಕಡೆಗೆ ಹಾರಿಹೋಗುವುವು. ಅಲ್ಲಿಯ ಕಚ್ಛದ ರಣದಲ್ಲಿ ಮಳೆಯ ನೀರು ನಿಂತಾಗ, ಕೆಸರನ್ನು ಗುಪ್ಪೆಮಾಡಿ ಗೂಡುಕಟ್ಟಿ ಮೊಟ್ಟೆಯಿಡುವುವು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ೧೯೪೫ರಲ್ಲಿ ಆ ಸ್ಥಳಕ್ಕೆ ಹೋಗಿ, ಲಕ್ಷಾವಧಿ ಹಕ್ಕಿಗಳು ಕೂಡಿದ ಆ ‘ನಗರ’ವನ್ನು ವರ್ಣಿಸಿದ್ದಾರೆ. ಮಳೆಯೊಡನೆ ಉತ್ತರಕ್ಕೆ ಹೊರಡುವುದು, ಕಲಕಿದ ನೀರಿನಿಂದ ಸಾರವನ್ನು ಬೇರ್ಪಡಿಸುವುದು ಎಂಬ ಎರಡು ಗುಣಗಳಿಂದಲೇ ಇದನ್ನು ಕಾವ್ಯದ ರಾಜಹಂಸವೆಂದು ಸಾಧಿಸಲು ಬಾರದು. ಆದರೆ ಈ ಹಕ್ಕಿಗೆ ಆ ಹೆಸರನ್ನಿಟ್ಟವರು ತೀರ ತಪ್ಪಿದರೆಂದೂ ಹೇಳಲಾಗದು.

ಠಾಣೆಯ ಖಾಡಿಯಲ್ಲಿ ಇವು ಹೆಚ್ಚಾಗಿ ಕಾಣತೊಡಗಿದುದು ೧೯೯೦ರ ದಶಕದಿಂದೀಚೆಗೆ. ಮುಂಬಯಿಯ ಶಿವಡಿಯ ಕೆಸರುಬಯಲಿನಲ್ಲಿ ಮೊದಲು ಜನರ ಗಮನವನ್ನು ಸೆಳೆದುವು. ಎರಡು ನಗರಗಳ ಚರಂಡಿಯ ನೀರಿನಿಂದ ಖಾಡಿಯಲ್ಲಿ ಸಾರಜನಕವೂ ರಂಜಕವೂ ಹೆಚ್ಚಿ, ಪಾಚಿಯು ಸಮೃದ್ಧವಾಗಿ ಬೆಳೆದುದೇ ಇದಕ್ಕೆ ಒಂದು ಕಾರಣವೆಂದು ತಜ್ಞರು ಊಹಿಸುವರು. ಆ ಊಹೆಯು ನಿಜವಾದರೆ ನಗರದ ಮಲಿನತೆಯೇ ಹಕ್ಕಿಗೆ ಅನ್ನವಾದಂತಾಯಿತು. ಆದರೆ ಈ ಔದಾರ್ಯವನ್ನು ನೆಚ್ಚುವಂತಿಲ್ಲ. ಕಲ್ಮಷವು ಮಿತಿಮೀರಿದರೆ ನೀರಿನ ಪ್ರಾಣವಾಯುವು ಕುಂದಿ, ಕೆಸರಿನ ಜೀವಜಾಲವೇ ನಾಶವಾಗುವುದು.

೪

ರಕ್ಷಣೆಯ ಏರ್ಪಾಡುಗಳು ಹೇಗೆ ಬಂದುವೆಂಬುದನ್ನು ಈಗ ಕ್ರಮವಾಗಿ ನೋಡಬಹುದು. ೨೦೦೫ರಲ್ಲಿ ಮುಂಬಯಿಯ ಉಚ್ಚನ್ಯಾಯಾಲಯವು ಮಹಾರಾಷ್ಟ್ರದಲ್ಲಿ ಕಾಂಡ್ಲವನಗಳನ್ನು ಹಾಳುಮಾಡಕೂಡದೆಂದು ಆಜ್ಞಾಪಿಸಿತು. ೨೦೧೨ರಲ್ಲಿ ಅರಣ್ಯ ಇಲಾಖೆಯಲ್ಲಿ ಅವುಗಳಿಗಾಗಿಯೇ ಒಂದು ಪ್ರತ್ಯೇಕ ಶಾಖೆಯು ಸ್ಥಾಪಿತವಾಯಿತು. ೨೦೧೫ರ ಆಗಸ್ಟ್ ತಿಂಗಳಲ್ಲಿ, ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಪ್ರಕಾರ, ಐರೋಳಿ ಮತ್ತು ವಾಶಿ ಸೇತುವೆಗಳ ನಡುವೆ ಖಾಡಿಯ ಪಶ್ಚಿಮಭಾಗದಲ್ಲಿ ಸುಮಾರು ೧,೬೯೦ ಹೆಕ್ಟೇರುಗಳ ‘ಠಾಣೆ ಖಾಡಿ ಫ್ಲೆಮಿಂಗೋ ಅಭಯಾರಣ್ಯ’ವು ಘೋಷಿತವಾಯಿತು. ಇದರಲ್ಲಿ ೮೯೬ ಹೆಕ್ಟೇರು ಕಾಂಡ್ಲವನ. ಉಳಿದ ೭೯೪ ಹೆಕ್ಟೇರು ಜಲಭಾಗ. ೨೦೨೧ರಲ್ಲಿ ಇದರ ಸುತ್ತಲಿನ ಪ್ರದೇಶವನ್ನು ಪರಿಸರ ಸೂಕ್ಷ್ಮ ವಲಯವೆಂದು ಗುರುತಿಸಲಾಯಿತು. ೨೦೨೨ರಲ್ಲಿ, ಎರಡೂ ಸೇರಿ ಸುಮಾರು ೬,೫೨೧ ಹೆಕ್ಟೇರುಗಳ ಭಾಗವು ರಾಮ್ಸಾರ್ ಪಟ್ಟಿಯನ್ನು ಸೇರಿತು. ಇರಾನ್ ದೇಶದ ರಾಮ್ಸಾರ್ ಎಂಬ ಊರಿನಲ್ಲಿ ೧೯೭೧ರಲ್ಲಿ ಆದ ಒಪ್ಪಂದದಂತೆ, ಜಗತ್ತಿನ ಮುಖ್ಯವಾದ ಜೌಗುಪ್ರದೇಶಗಳನ್ನು ದಾಖಲೆಮಾಡುವ ಪಟ್ಟಿಯದು.

ಇಷ್ಟನ್ನು ಓದಿದವರಿಗೆ ಕಾರ್ಯವು ಮುಗಿಯಿತೆಂದು ತೋರುವುದು ಸಹಜ. ಆದರೆ ಉಬ್ಬರದ ಹೊತ್ತಿನಲ್ಲಿ ಕೆಸರುಬಯಲು ಮುಳುಗಿದಾಗ ಹಕ್ಕಿಗಳು ಎಲ್ಲಿಗೆ ಹೋಗುವುವೆಂದು ಕೇಳಿದರೆ ಈ ಏರ್ಪಾಡಿನ ಕೊರತೆಯು ಗೋಚರವಾಗುವುದು. ರಾಜಹಂಸವು ಕಾಂಡ್ಲದ ಕೊಂಬೆಯ ಮೇಲೆ ಕುಳಿತುಕೊಳ್ಳತಕ್ಕ ಹಕ್ಕಿಯಲ್ಲ. ಅದಕ್ಕೆ ಮೊಣಕಾಲುದ್ದದ ನಿಂತ ನೀರೂ ನಾಲ್ಕು ದಿಕ್ಕಿಗೂ ಕಣ್ಣುಹಾಯುವ ಬಯಲೂ ಬೇಕು. ಆದುದರಿಂದ ನೀರು ಏರುತ್ತಲೇ ಹಿಂಡುಗಳು ಎದ್ದು, ನವೀ ಮುಂಬಯಿಯ ನೆರೂಳಿನ ಬದಿಯಲ್ಲಿರುವ ಆಳವಿಲ್ಲದ ಕೆರೆಗಳಿಗೂ, ದಕ್ಷಿಣದಲ್ಲಿ ಉರಣದ ಜೌಗುಗಳಿಗೂ ಹೋಗಿ, ಇಳಿತವಾಗುವವರೆಗೆ ಅಲ್ಲಿ ವಿಶ್ರಮಿಸುವುವು. ೨೦೧೫ರ ಅಭಯಾರಣ್ಯದ ಮೇರೆಯೊಳಗೆ ಇವು ಯಾವುವೂ ಸೇರಿಲ್ಲ. ಹಕ್ಕಿಗಳು ಮೊದಲು ಪ್ರಸಿದ್ಧವಾದ ಶಿವಡಿಯೂ ಅದರ ಹೊರಗೇ ಉಳಿದಿದೆ. ೨೦೨೪ರ ಜನವರಿಯಲ್ಲಿ ತೆರೆದ, ಸುಮಾರು ೨೨ ಕಿಲೋಮೀಟರುಗಳುದ್ದದ ಕಡಲ ಸೇತುವೆಯು ಆರಂಭವಾಗುವುದು ಅಲ್ಲಿಂದಲೇ.

೫

ಈ ಕೊರತೆಯು ಏಕೆ ಉಂಟಾಯಿತೆಂಬುದಕ್ಕೆ ನಮ್ಮವರೆಲ್ಲರೂ ಬಲ್ಲ ರಂಗನತಿಟ್ಟಿನ ನಿದರ್ಶನವು ಸಹಾಯಕವಾಗುವುದು. ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು ೧೯೪೦ರಲ್ಲಿ ಕಾವೇರಿಯ ಆ ಕಿರುನಡುಗಡ್ಡೆಗಳನ್ನು ಪಕ್ಷಿಧಾಮವನ್ನಾಗಿ ಮಾಡಿತು. ಅಲ್ಲಿ ಹಕ್ಕಿಗಳು ಗೂಡುಕಟ್ಟುವುವು, ಗೂಡು ಸ್ಥಿರವಾದುದು, ಅದರ ಸುತ್ತ ಗೆರೆಯೆಳೆದು ಕಾಯುವುದು ಸಾಧ್ಯ. ಮೇವಿಗಾಗಿ ಅವೂ ಸುತ್ತಣ ಗದ್ದೆ ಕೆರೆಗಳಿಗೆ ಹೋಗಬೇಕೆಂಬುದು ನಿಜ. ಆದರೂ ಮೊಟ್ಟೆಮರಿಗಳೆಂಬ ಮುಖ್ಯಾಂಶವು ಮೇರೆಯೊಳಗಿದೆ. ಠಾಣೆಯ ಖಾಡಿಯಲ್ಲಾದರೋ ರಾಜಹಂಸವು ಗೂಡುಕಟ್ಟುವುದಿಲ್ಲ. ಅಲ್ಲಿ ಅದರ ಮನೆಯೆಂಬುದು ಉಣ್ಣುವ ಎಡೆ, ತಂಗುವ ಎಡೆ ಎಂಬ ಎರಡು ಅಂಕಣಗಳುಳ್ಳದ್ದು. ಧಾಮವೆಂಬ ಶಬ್ದಕ್ಕೆ ಮನೆಯೆಂದೇ ಅರ್ಥವಷ್ಟೆ. ಒಂದು ಅಂಕಣಕ್ಕೆ ಮಾತ್ರ ಮಾಡುಹೊದಿಸಿ ಮನೆ ಮುಗಿಯಿತೆಂದರೆ ಹೇಗಾದೀತು?

ಅಭಯಾರಣ್ಯವೆಂಬ ಹೆಸರಿನಲ್ಲಿಯೂ ಒಂದು ಸೂಚನೆಯಿದೆ. ನಮ್ಮ ಕಾನೂನಿನ ಕಣ್ಣು ಬಹುಕಾಲದಿಂದ ಮರವನ್ನು ಕಾಣಲು ಕಲಿತಿದೆ. ಕಾಂಡ್ಲವನವು ಅರಣ್ಯವಾದುದರಿಂದ ಅದಕ್ಕೆ ರಕ್ಷಣೆಯು ದೊರೆಯಿತು; ಬರಿಯ ಕೆಸರಿಗೂ ಮೊಣಕಾಲುದ್ದದ ನೀರಿಗೂ ಅದು ಅಷ್ಟು ಸುಲಭವಾಗಿ ದೊರೆಯಲಿಲ್ಲ. ಆಶ್ಚರ್ಯವೆಂದರೆ, ಹೂಳು ಹೆಚ್ಚಿದಂತೆಲ್ಲ ಕಾಂಡ್ಲದ ಗಿಡಗಳೇ ಮುಂದುಮುಂದಕ್ಕೆ ಹಬ್ಬಿ ಕೆಸರುಬಯಲನ್ನು ಆವರಿಸುತ್ತಿವೆ. ಕಾಡು ಬೆಳೆದಷ್ಟೂ ರಾಜಹಂಸದ ಅನ್ನದ ಬಯಲು ಕಿರಿದಾಗುವುದು. ಹಸುರಾದುದೆಲ್ಲ ರಕ್ಷಿತವಾದುದು, ಬರಿದಾದುದೆಲ್ಲ ಹಾಳಾದುದು ಎಂಬ ಎಣಿಕೆಯು ಇಲ್ಲಿ ಸಲ್ಲುವುದಿಲ್ಲ.

೬

ಇದು ಬರಿಯ ತರ್ಕವಲ್ಲವೆಂಬುದನ್ನು ೨೦೨೪ನೆಯ ಇಸವಿಯು ತೋರಿಸಿತು. ನೆರೂಳಿನಲ್ಲಿ ‘ಡಿ.ಪಿ.ಎಸ್. ಕೆರೆ’ಯೆಂದು ಜನರು ಕರೆಯುವ, ಸುಮಾರು ೩೦ ಎಕರೆಗಳ ತಂಗುದಾಣವಿದೆ. ಉಬ್ಬರದ ನೀರು ಒಳಕ್ಕೆ ಬರುವ ದಾರಿಗಳು ಮುಚ್ಚಿಹೋದುದರಿಂದ ಆ ಕೆರೆಯು ಒಣಗತೊಡಗಿತು. ಅದೇ ಬೇಸಗೆಯಲ್ಲಿ ನೆಲೆತಪ್ಪಿ ಅಲೆದ ಕೆಲವು ಹಕ್ಕಿಗಳು ಆಸುಪಾಸಿನಲ್ಲಿ ಸತ್ತುಬಿದ್ದುವು. ಮೇ ೨೦ರ ರಾತ್ರಿ, ಮುಂಬಯಿಯಲ್ಲಿ ಇಳಿಯುತ್ತಿದ್ದ ವಿಮಾನಕ್ಕೆ ಘಾಟ್ಕೋಪರದ ಮೇಲೆ ಒಂದು ಹಿಂಡು ಸಿಕ್ಕಿ ಸುಮಾರು ೪೦ ರಾಜಹಂಸಗಳು ಮಡಿದುವು. ಈ ಅವಘಡಕ್ಕೂ ಕೆರೆಯು ಒಣಗಿದುದಕ್ಕೂ ನೇರವಾದ ಸಂಬಂಧವನ್ನು ಕಲ್ಪಿಸುವುದು ಯುಕ್ತವಲ್ಲ. ಆದರೆ ಈ ಹಕ್ಕಿಗಳ ಆಕಾಶಮಾರ್ಗವೂ ಮನುಷ್ಯರ ಆಕಾಶಮಾರ್ಗವೂ ಎಷ್ಟು ಹತ್ತಿರವಾಗಿವೆಯೆಂಬುದು ಅದರಿಂದ ವಿಶದವಾಯಿತು. ೨೦೨೫ರ ಅಕ್ಟೋಬರಿನಲ್ಲಿ ನವೀ ಮುಂಬಯಿಯ ಹೊಸ ವಿಮಾನನಿಲ್ದಾಣವೂ ಉದ್ಘಾಟಿತವಾಗಿದೆ. ೧೮೮೩ರಲ್ಲಿ ಸ್ಥಾಪಿತವಾದ ಮುಂಬಯಿಯ ನಿಸರ್ಗೇತಿಹಾಸ ಸಂಘದ ತಜ್ಞರು, ರೂಢಿಯಾದ ತಂಗುದಾಣಗಳು ನಾಶವಾದರೆ ಹಕ್ಕಿಗಳು ಹೊಸ ನೀರನ್ನು ಹುಡುಕುತ್ತ ನಿಲ್ದಾಣದ ಕಡೆಗೆ ಬರಬಹುದೆಂದು ಮೊದಲೇ ಎಚ್ಚರಿಸಿದ್ದರು. ಆದುದರಿಂದ ಆ ಕೆರೆಗಳನ್ನು ಉಳಿಸುವುದು ಹಕ್ಕಿಯ ಮೇಲಿನ ಕರುಣೆಯಷ್ಟೇ ಅಲ್ಲದೆ ಪ್ರಯಾಣಿಕರ ಕ್ಷೇಮಕ್ಕೂ ಸಂಬಂಧಪಟ್ಟ ಕಾರ್ಯವಾಗಿದೆ.

ಈ ವಿಷಯದಲ್ಲಿ ಸಮಾಧಾನಕರವಾದ ಒಂದು ಸಂಗತಿಯುಂಟು. ೨೦೨೫ರಲ್ಲಿ ಮಹಾರಾಷ್ಟ್ರದ ರಾಜ್ಯ ವನ್ಯಜೀವಿ ಮಂಡಲಿಯು ಆ ಕೆರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವನ್ನಾಗಿ ಮಾಡಲು ಒಪ್ಪಿಗೆಯಿತ್ತಿತು. ಖಾಡಿಯ ಮೇವಿನ ಬಯಲಿಗೆ ಹೊರಗಿರುವ ಒಂದು ತಂಗುದಾಣಕ್ಕೆ, ಅದು ತಂಗುದಾಣವೆಂಬ ಕಾರಣದಿಂದಲೇ ಮನ್ನಣೆಯು ದೊರೆತುದು ಇದರ ವಿಶೇಷ. ಕ್ಷೇತ್ರವು ಸಣ್ಣದಾದರೂ ತತ್ತ್ವವು ದೊಡ್ಡದು.

ನಗರದ ಸಮೀಪದಲ್ಲಿ ಕಾಡುಜೀವಿಗಳಿಗೆ ಎಡೆಮಾಡಿಕೊಡುವಾಗ ಅನುಸರಿಸತಕ್ಕ ನ್ಯಾಯವನ್ನು ಇದರಿಂದ ಹೀಗೆ ಸಂಗ್ರಹಿಸಬಹುದು: ಮೇರೆಯನ್ನು ಎಳೆಯುವ ಮೊದಲು ಜೀವಿಯ ಒಂದು ದಿನವನ್ನು ಪೂರ್ಣವಾಗಿ ನೋಡಬೇಕು, ಅದು ಉಣ್ಣುವ ಎಡೆ, ತಂಗುವ ಎಡೆ, ಇವೆರಡರ ನಡುವಣ ದಾರಿ, ಇವುಗಳಿಗೆ ನೀರನ್ನು ತರುವ ಕಾಲುವೆ, ಎಲ್ಲವನ್ನೂ ಒಂದೇ ವಸ್ತುವೆಂದು ಗಣಿಸಬೇಕು. ಭೂಪಟದ ಗೆರೆಯು ನಿಂತಲ್ಲಿ ನಿಲ್ಲುವುದು. ಖಾಡಿಯ ನೀರು ದಿನಕ್ಕೆ ಎರಡು ಸಲ ಆ ಗೆರೆಯನ್ನು ದಾಟುವುದು. ಹಕ್ಕಿಯು ನೀರನ್ನು ಅನುಸರಿಸುವುದು. ಉರಣದ ಜೌಗುಗಳೂ ನೆರೂಳಿನ ಉಳಿದ ಕೆರೆಗಳೂ ಇದೇ ನ್ಯಾಯಕ್ಕೆ ಅರ್ಹವಾಗಿವೆ. ಮುಂದಿನ ಚಳಿಗಾಲದಲ್ಲಿ ಕಚ್ಛದ ಕಡೆಯಿಂದ ಬರುವ ಹಿಂಡುಗಳಿಗೆ ಇಳಿತದ ಹೊತ್ತಿನಲ್ಲಿ ಅನ್ನವೂ ಉಬ್ಬರದ ಹೊತ್ತಿನಲ್ಲಿ ನೆಲೆಯೂ ದೊರೆತರೆ ಮಾತ್ರ ಅಲ್ಲಿ ಪಕ್ಷಿಧಾಮವಿದೆಯೆಂಬ ಮಾತು ಸಾರ್ಥಕವಾದೀತು.